ಫೋನಿಗೆ ಹೊಂದುವ ಕಾರ್ ಸ್ಟೀರಿಯೋ: ಕೊಳ್ಳುವ ಮುನ್ನ ಒಂದು ಪಾಠ



ಅತ್ತಿಗುಪ್ಪೆ, ಚಂದ್ರಾ ಲೇಔಟ್, ವಿಜಯನಗರದ ಕಡೆಯಿಂದ ಬರುವ ನಮ್ಮಲ್ಲಿ ಅನೇಕರ ಮನೆಯಲ್ಲಿರುವುದು ಸೆಕೆಂಡ್ ಹ್ಯಾಂಡ್ ಕಾರು. ಎಂಜಿನ್ ಚೆನ್ನಾಗಿರುತ್ತದೆ, ಆದರೆ ಡ್ಯಾಶ್‌ಬೋರ್ಡಿನಲ್ಲಿ ಎಫ್‌.ಎಂ. ಮತ್ತು ಸಿ.ಡಿ. ಕಾಲದ ಹಳೆಯ ಪೆಟ್ಟಿಗೆ ಕೂತಿರುತ್ತದೆ. ನಮ್ಮ ಮನೆಯದೂ ಅಂಥದೇ. ನಮ್ಮ ಅಬ್ಬಾ ಹೊಲಿದ ಬಟ್ಟೆಯ ಬಂಡಲುಗಳನ್ನು ಊರಿನ ನಾಲ್ಕು ದಿಕ್ಕಿಗೆ ತಲುಪಿಸುತ್ತಾರೆ. ದಾರಿಯುದ್ದಕ್ಕೂ ಅಂಗಡಿಯವರ ಫೋನು. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೈ ಕಿವಿಯ ಹತ್ತಿರ. ಹಾಡು ಕೇಳುವ ಆಸೆಗಿಂತ ಈ ಕೈಯನ್ನು ಕಿವಿಯಿಂದ ಇಳಿಸಬೇಕು ಎಂಬುದೇ ಸ್ಟೀರಿಯೋ ಹುಡುಕಲು ನನಗೆ ಕಾರಣವಾಯಿತು.

ಮೊದಲು ಒಂದು ಲೆಕ್ಕ. ಗಾಡಿ ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಯಾರ ಕರೆ ಎಂದು ನೋಡಲು ಎರಡು ಸೆಕೆಂಡ್ ಕಣ್ಣು ತಗ್ಗಿಸಿದರೆ 22 ಮೀಟರ್ ದೂರ ಗಾಡಿ ಕಣ್ಣಿಲ್ಲದೆ ಓಡಿತು. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ 22 ಮೀಟರಿನೊಳಗೆ ಎಷ್ಟು ಜನ, ಎಷ್ಟು ಬೈಕು ಇರುತ್ತವೆ ಎಂದು ನೀವೇ ಊಹಿಸಿ. ಕಾನೂನೂ ಇದನ್ನು ಹಗುರವಾಗಿ ಕಾಣುವುದಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, ಓಡಿಸುತ್ತಾ ಕೈಯಲ್ಲಿ ಫೋನ್ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆ ಎಂದೇ ಎಣಿಸುತ್ತದೆ.

1. ಜಾಗದ ಅಳತೆ

ಅಂಗಡಿಗೆ ಹೋಗುವ ಮುನ್ನ ಸ್ಕೇಲ್ ಹಿಡಿದು ಡ್ಯಾಶ್‌ಬೋರ್ಡಿನ ಕಿಂಡಿಯನ್ನು ಅಳೆಯಿರಿ. ಅಗಲ 180 ಮಿ.ಮೀ., ಎತ್ತರ 50 ಮಿ.ಮೀ. ಇದ್ದರೆ ಅದು ಸಿಂಗಲ್ ಡಿನ್. ಅಗಲ ಅಷ್ಟೇ ಇದ್ದು ಎತ್ತರ 100 ಮಿ.ಮೀ. ಇದ್ದರೆ ಡಬಲ್ ಡಿನ್. ಡಿನ್ ಎಂಬುದು ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ಅಲ್ಲಿ ಗೊತ್ತುಮಾಡಿದ ಅಳತೆಯನ್ನು ಲೋಕವೆಲ್ಲ ಒಪ್ಪಿಕೊಂಡಿತು. ದೊಡ್ಡ ಸ್ಕ್ರೀನ್ ಬೇಕೆಂದರೆ ಆಯಾ ಕಾರಿನ ಮಾಡೆಲ್‌ಗೆ ತಕ್ಕ ಫ್ರೇಮ್ ಬೇರೆಯಾಗಿ ಸಿಗುತ್ತದೆ. ಸಿಂಗಲ್ ಡಿನ್ ಜಾಗವಿದ್ದವರು ಬೇಸರಪಡಬೇಕಿಲ್ಲ. ಬ್ಲೂಟೂತ್ ಮತ್ತು ಮೈಕ್ ಇರುವ ಸಣ್ಣ ಸ್ಟೀರಿಯೋ ಕೂಡ ಕರೆಯ ಕೆಲಸವನ್ನು ಪೂರ್ತಿ ಮಾಡುತ್ತದೆ.

2. ಬ್ಲೂಟೂತ್ ಒಂದೇ, ಕೆಲಸ ಹಲವು

ಬ್ಲೂಟೂತ್ 2.4 ಗಿಗಾಹರ್ಟ್ಸ್ ಆವೃತ್ತಿಯ ರೇಡಿಯೋ ತರಂಗ. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ 12.5 ಸೆಂ.ಮೀ. ಬರುತ್ತದೆ. ಇದೇ ಪಟ್ಟಿಯಲ್ಲಿ ವೈಫೈ ಕೂಡ ಓಡಾಡುವುದರಿಂದ ಒಂದಕ್ಕೊಂದು ಡಿಕ್ಕಿಯಾಗದಂತೆ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತಿರುತ್ತದೆ.

ಆದರೆ ಪೆಟ್ಟಿಗೆಯ ಮೇಲೆ ‘ಬ್ಲೂಟೂತ್’ ಎಂದಿದ್ದರೆ ಸಾಲದು. ಕರೆ ಮಾತಾಡಲು ಎಚ್‌.ಎಫ್‌.ಪಿ., ಹಾಡಿಗೆ ಎ2ಡಿಪಿ, ಹಾಡು ಮುಂದೆ ಹಿಂದೆ ಮಾಡಲು ಎ.ವಿ.ಆರ್‌.ಸಿ.ಪಿ., ಹೆಸರುಗಳ ಪಟ್ಟಿಗೆ ಪಿ.ಬಿ.ಎ.ಪಿ. ಎಂಬ ಬೇರೆ ಬೇರೆ ‘ಪ್ರೊಫೈಲ್’ಗಳಿವೆ. ಹಾಡು ಬಂದರೂ ಕರೆ ಬರದ ಸ್ಟೀರಿಯೋ ಇರುವುದು ಇದಕ್ಕೇ. ನಮ್ಮ ಅಗತ್ಯಕ್ಕೆ ಎಚ್‌.ಎಫ್‌.ಪಿ. ಮೊದಲು, ಉಳಿದದ್ದು ಆಮೇಲೆ. ಮೈಕ್ ಕೂಡ ನೋಡಿ. ಸ್ಟೀರಿಯೋ ಒಳಗೇ ಇರುವ ಮೈಕಿಗಿಂತ, ತಂತಿಯಲ್ಲಿ ತಂದು ಓಡಿಸುವವರ ಬಾಯಿಯ ಹತ್ತಿರ ಕೂರಿಸುವ ಹೊರಮೈಕಿನಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತದೆ.

ಹಾಡಿನ ಗುಣಮಟ್ಟಕ್ಕೂ ಒಂದು ಲೆಕ್ಕವಿದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿ, ಪ್ರತಿ ಮಾದರಿಗೆ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಬ್ಲೂಟೂತ್ ಇದನ್ನು ಕುಗ್ಗಿಸಿಯೇ ಕಳಿಸುತ್ತದೆ. ಕಿವಿ ಬಹಳ ಸೂಕ್ಷ್ಮವಾಗಿರುವವರು ಯುಎಸ್‌ಬಿ ಕೇಬಲ್ ಬಳಸಬಹುದು. ಟ್ರಾಫಿಕ್ಕಿನ ಸದ್ದಿನಲ್ಲಿ ಉಳಿದವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

3. ‘ಆಂಡ್ರಾಯ್ಡ್ ಸ್ಟೀರಿಯೋ’ ಮತ್ತು ‘ಆಂಡ್ರಾಯ್ಡ್ ಆಟೋ’ ಒಂದಲ್ಲ

ಕಾರಿನ ಸಾಮಾನಿಗೆ ಬೆಂಗಳೂರಿನಲ್ಲಿ ಎಲ್ಲರೂ ಹೋಗುವುದು ಜೆ.ಸಿ. ರಸ್ತೆಗೆ. ಅತ್ತಿಗುಪ್ಪೆಯಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಹತ್ತಿರ. ಅಲ್ಲೊಂದು ಅಂಗಡಿಯಲ್ಲಿ ನಾನು ಕೇಳಿದೆ:

“ಅಣ್ಣಾ, ಇದರಲ್ಲಿ ಆಂಡ್ರಾಯ್ಡ್ ಆಟೋ ಇದೆಯಾ?”

“ಇದು ಆಂಡ್ರಾಯ್ಡೇ ಅಲ್ವೇನಪ್ಪಾ, ಎಲ್ಲಾ ಬರುತ್ತೆ ತಗೊ.”

ಗೊಂದಲ ಇರುವುದು ಇಲ್ಲೇ. ಆಂಡ್ರಾಯ್ಡ್ ಸ್ಟೀರಿಯೋ ಎಂದರೆ ಡ್ಯಾಶ್‌ಬೋರ್ಡಿಗೆ ಅಂಟಿಸಿದ ಒಂದು ಟ್ಯಾಬ್ಲೆಟ್. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ರ‍್ಯಾಮ್. ಮ್ಯಾಪ್ ಬೇಕೆಂದರೆ ಫೋನಿನ ಹಾಟ್‌ಸ್ಪಾಟ್ ಕೊಡಬೇಕು. ರ‍್ಯಾಮ್ ಕಡಿಮೆಯಿದ್ದರೆ ವರ್ಷ ಕಳೆದಂತೆ ನಿಧಾನವಾಗುತ್ತದೆ. ಆಂಡ್ರಾಯ್ಡ್ ಆಟೋ ಹಾಗಲ್ಲ. ಲೆಕ್ಕವೆಲ್ಲ ನಡೆಯುವುದು ನಮ್ಮ ಫೋನಿನೊಳಗೆ, ಸ್ಟೀರಿಯೋ ಬರೀ ಪರದೆ ಮತ್ತು ಸ್ಪೀಕರ್. ಫೋನ್ ಹೊಸದಾದರೆ ಅದೂ ಹೊಸದಾದಂತೆ. ಐಫೋನಿನವರಿಗೆ ಇದೇ ಕೆಲಸವನ್ನು 2014ರಲ್ಲಿ ಬಂದ ಕಾರ್‌ಪ್ಲೇ ಮಾಡುತ್ತದೆ. ಆಂಡ್ರಾಯ್ಡ್ ಆಟೋ ಬಂದದ್ದು 2015ರಲ್ಲಿ. ಓಡಿಸುವಾಗ ಬಳಸಲೆಂದೇ ಇವುಗಳಲ್ಲಿ ಬಟನ್ ದೊಡ್ಡದು, ಆ್ಯಪ್ ಕಡಿಮೆ, ಬಂದ ಮೆಸೇಜನ್ನು ಓದಿ ಹೇಳುವ ವ್ಯವಸ್ಥೆಯೂ ಇದೆ.

ಇದರಲ್ಲೂ ಎರಡು ಬಗೆ. ವೈರ್‌ಲೆಸ್ ಬಗೆಯಲ್ಲಿ ಬ್ಲೂಟೂತ್ ಪರಿಚಯ ಮಾತ್ರ ಮಾಡಿಸುತ್ತದೆ, ಪರದೆಯ ಚಿತ್ರ ಹರಿಯುವುದು ವೈಫೈಯಲ್ಲಿ. ವೈರ್ ಬಗೆಯಲ್ಲಿ ಕೇಬಲ್ ಮುಖ್ಯ. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನಲ್ಲಿ ವಿದ್ಯುತ್ತಿಗೆ ಎರಡು ತಂತಿ, ದತ್ತಾಂಶಕ್ಕೆ ಎರಡು ತಂತಿ ಇರುತ್ತವೆ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ. ಆಗ ಫೋನ್ ಚಾರ್ಜ್ ಆಗುತ್ತದೆ, ಪರದೆ ಮೂಡುವುದಿಲ್ಲ. ಸ್ಟೀರಿಯೋ ಕೆಟ್ಟಿದೆ ಎಂದು ಬೈಯುವ ಮುನ್ನ ಕೇಬಲ್ ಬದಲಿಸಿ ನೋಡಿ.

4. ‘50 ವ್ಯಾಟ್ × 4’ ಎಂಬ ಸಂಖ್ಯೆಯ ಗುಟ್ಟು

ಬಹಳಷ್ಟು ಪೆಟ್ಟಿಗೆಗಳ ಮೇಲೆ ದಪ್ಪ ಅಕ್ಷರದಲ್ಲಿ 50 ವ್ಯಾಟ್ × 4 ಎಂದಿರುತ್ತದೆ. ದ್ವಿತೀಯ ಪಿಯುಸಿ ಭೌತಶಾಸ್ತ್ರದ ಎ.ಸಿ. ಪಾಠ ಇಲ್ಲಿ ಕೈಗೆ ಬರುತ್ತದೆ.

ಎಂಜಿನ್ ಓಡುವಾಗ ಕಾರಿನ ವಿದ್ಯುತ್ ಒತ್ತಡ ಸುಮಾರು 14.4 ವೋಲ್ಟ್. ಸ್ಪೀಕರಿನ ರೋಧ 4 ಓಂ. ಅಷ್ಟೂ ಒತ್ತಡ ಸದಾ ಸ್ಪೀಕರಿಗೇ ಸಿಕ್ಕಿತು ಎಂದುಕೊಂಡರೆ, 14.4ರ ವರ್ಗವನ್ನು 4ರಿಂದ ಭಾಗಿಸಿ: ಸುಮಾರು 52 ವ್ಯಾಟ್. ಪೆಟ್ಟಿಗೆಯ 50 ಇಂಥ ಲೆಕ್ಕಕ್ಕೆ ಹೊಂದುತ್ತದೆ. ಆದರೆ ಶುದ್ಧ ಸ್ವರ ಸೈನ್ ತರಂಗ. ಅದರ ಗರಿಷ್ಠ ಬೆಲೆ 14.4 ಆದರೆ ಆರ್‌ಎಂಎಸ್ ಬೆಲೆ 14.4 ÷ 1.414, ಅಂದರೆ 10.2 ವೋಲ್ಟ್. ಆಗ ಶಕ್ತಿ ಸುಮಾರು 26 ವ್ಯಾಟ್. ಒಳಗಿನ ನಷ್ಟ ಕಳೆದರೆ ಇಪ್ಪತ್ತರ ಆಸುಪಾಸು. ಆದ್ದರಿಂದ ಎರಡು ಸ್ಟೀರಿಯೋಗಳನ್ನು ಹೋಲಿಸುವಾಗ ಮ್ಯಾನ್ಯುಯಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿರುವ ಆರ್‌ಎಂಎಸ್ ಸಂಖ್ಯೆಯನ್ನೇ ಹೋಲಿಸಬೇಕು.

ಇನ್ನೊಂದು ಪರೀಕ್ಷೆ ಸ್ಟೀರಿಯೋದ ಬೆನ್ನಿನಲ್ಲೇ ಇದೆ. ಫ್ಯೂಸ್ 10 ಆಂಪಿಯರಿನದಾಗಿದ್ದರೆ ಒಳಗೆ ಹೋಗುವ ಶಕ್ತಿಯೇ ಹೆಚ್ಚೆಂದರೆ 14.4 × 10 = 144 ವ್ಯಾಟ್. ಅಂಥ ಪೆಟ್ಟಿಗೆಯಿಂದ ಒಂದೇ ಸಮನೆ 200 ವ್ಯಾಟ್ ಹೊರಬರಲು ಸಾಧ್ಯವಿಲ್ಲ. ಶಕ್ತಿ ಸಂರಕ್ಷಣೆಯ ನಿಯಮ ಜೆ.ಸಿ. ರಸ್ತೆಗೂ ಅನ್ವಯಿಸುತ್ತದೆ.

5. ತಂತಿ ಜೋಡಿಸುವಾಗ

ಈ ಕೆಲಸವನ್ನು ಕಾರ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ನೋಡಿ. ಸಾಮಾನ್ಯವಾಗಿ ಹಳದಿ ತಂತಿ ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್, ಕೆಂಪು ತಂತಿ ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ಥ್. ಕೆಂಪನ್ನೂ ಹಳದಿಗೇ ಸೇರಿಸಿಬಿಟ್ಟರೆ ಕೀ ತೆಗೆದರೂ ಸ್ಟೀರಿಯೋ ಎಚ್ಚರವಾಗಿಯೇ ಇರುತ್ತದೆ. ಅರ್ಧ ಆಂಪಿಯರ್ ಎಳೆದರೂ 35 ಆಂಪಿಯರ್-ಗಂಟೆಯ ಬ್ಯಾಟರಿ 70 ಗಂಟೆಯಲ್ಲಿ ಪೂರ್ತಿ ಬರಿದು. ಸೆಲ್ಫ್ ಹೊಡೆಯುವುದಂತೂ ಅದಕ್ಕೂ ಮೊದಲೇ ನಿಲ್ಲುತ್ತದೆ.

ಕಾರಿನ ಮೂಲ ತಂತಿಗಳನ್ನು ಕತ್ತರಿಸಿ ಟೇಪ್ ಸುತ್ತಲು ಬಿಡಬೇಡಿ. ನಿಮ್ಮ ಮಾಡೆಲ್‌ಗೆ ಹೊಂದುವ ಕಪ್ಲರ್ ಕೇಳಿ ಹಾಕಿಸಿ. ಫ್ಯೂಸ್ ಸುಟ್ಟರೆ ಅದೇ ಆಂಪಿಯರಿನದನ್ನೇ ಹಾಕಬೇಕು. ತಾಮ್ರದ ತಂತಿ ಸುತ್ತಿದರೆ ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ವೈರಿಂಗು.

ವಿಡಿಯೋ ಇರುವ ಸ್ಟೀರಿಯೋಗಳಲ್ಲಿ ಹ್ಯಾಂಡ್‌ಬ್ರೇಕಿಗೆ ಸೇರಿಸುವ ಒಂದು ತಂತಿಯೂ ಇರಬಹುದು. ಗಾಡಿ ನಿಂತಾಗ ಮಾತ್ರ ಚಿತ್ರ ಕಾಣಲಿ ಎಂಬುದು ಅದರ ಉದ್ದೇಶ. ಅದನ್ನು ನೇರ ಅರ್ಥ್ ಮಾಡಿ “ಓಡಿಸುವಾಗಲೂ ಸಿನಿಮಾ ಬರುತ್ತೆ” ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಕೈ ಬಿಡಿಸಲು ತಂದ ಸಾಧನ ಕಣ್ಣನ್ನು ಕಟ್ಟಿಹಾಕಬಾರದು.

ದುಡ್ಡು ಕೊಡುವ ಮುನ್ನ

- ಗಾಡಿ ಓಡಿಸುವವರ ಫೋನನ್ನೇ ಅಂಗಡಿಯಲ್ಲಿ ಜೋಡಿಸಿ ನೋಡಿ. ಅಬ್ಬಾ, ಅಮ್ಮಿ ಇಬ್ಬರೂ ಓಡಿಸುವುದಾದರೆ ಎರಡೂ ಫೋನ್ ಜೋಡಿಸಿ.
- ಒಂದು ಕರೆ ಮಾಡಿ, ಆ ಕಡೆಯವರಿಗೆ ಮಾತು ಸರಿಯಾಗಿ ಕೇಳಿಸುತ್ತಿದೆಯೇ ಎಂದು ವಿಚಾರಿಸಿ.
- ಆಫ್ ಮಾಡಿ ಆನ್ ಮಾಡಿ. ಫೋನ್ ತಾನಾಗಿ ಮತ್ತೆ ಜೋಡಣೆಯಾಗಬೇಕು.
- ವಾಲ್ಯೂಮಿಗೆ ತಿರುಗಿಸುವ ಗುಂಡಿ ಇದ್ದರೆ ಒಳ್ಳೆಯದು. ಕಣ್ಣು ರಸ್ತೆಯ ಮೇಲಿದ್ದರೂ ಬೆರಳಿಗೆ ಸಿಗುತ್ತದೆ.
- ಬಿಲ್, ವಾರಂಟಿ ಕಾರ್ಡ್ ಎರಡನ್ನೂ ಕೇಳಿ ಪಡೆಯಿರಿ.
- ಸೆಕೆಂಡ್ ಹ್ಯಾಂಡ್ ಸ್ಟೀರಿಯೋ ಕೊಂಡರೂ, ಕಾರು ಮಾರಿದರೂ ಫ್ಯಾಕ್ಟರಿ ರಿಸೆಟ್ ಮಾಡಿ. ಜೋಡಿಸಿದ ಫೋನಿನ ಹೆಸರು, ನಂಬರುಗಳ ಪ್ರತಿ ಅದರೊಳಗೆ ಉಳಿದಿರಬಹುದು.

ಕೊನೆಯದಾಗಿ ಒಂದು ಮಾತು. ಕೈ ಬಿಡುವಾದ ಮಾತ್ರಕ್ಕೆ ಮನಸ್ಸು ಬಿಡುವಾಗುವುದಿಲ್ಲ. ಸ್ಪೀಕರಿನಲ್ಲಿ ವ್ಯಾಪಾರದ ಜಗಳ ನಡೆದರೂ ಗಮನ ರಸ್ತೆಯಿಂದ ಜಾರುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಈಗ ಒಂದು ನಿಯಮವಿದೆ: ಕರೆ ಬಂದರೆ “ಗಾಡಿ ಓಡಿಸ್ತಿದ್ದೀನಿ, ತಲುಪಿ ಮಾಡ್ತೀನಿ” ಎಂಬಷ್ಟು ಮಾತ್ರ ಮಾತು.

ನಿಮಗೊಂದು ಅಭ್ಯಾಸ: ನಿಮ್ಮ ಮನೆಯ ಅಥವಾ ನೆರೆಮನೆಯ ಕಾರಿನ ಸ್ಟೀರಿಯೋ ಮ್ಯಾನ್ಯುಯಲ್ಲಿನಲ್ಲಿ ಫ್ಯೂಸಿನ ಆಂಪಿಯರ್, ಗರಿಷ್ಠ ವ್ಯಾಟ್, ಆರ್‌ಎಂಎಸ್ ವ್ಯಾಟ್ ಈ ಮೂರನ್ನು ಬರೆದುಕೊಳ್ಳಿ. ಮೇಲಿನ ಸೂತ್ರಗಳಿಂದ ಯಾವುದು ನಿಜಕ್ಕೆ ಹತ್ತಿರ ಎಂದು ಲೆಕ್ಕ ಹಾಕಿ, ಭೌತಶಾಸ್ತ್ರದ ತರಗತಿಗೆ ತನ್ನಿ.