ಉದ್ದರಿ ಮಾರಾಟದ ನಿಜವಾದ ಬೆಲೆ

ಲೆಕ್ಕಪುಸ್ತಕದಲ್ಲಿ ಲಾಭವಿದೆ, ಆದರೆ ಸಂಬಳ ಕೊಡುವ ದಿನ ಕೈಯಲ್ಲಿ ಹಣವಿಲ್ಲ. ಈ ಪರಿಸ್ಥಿತಿ ಸಣ್ಣ ಉದ್ಯಮಿಗಳಿಗೆ ಹೊಸದೇನಲ್ಲ. ಇದರ ಕಾರಣವನ್ನು ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ಪರಿಶೀಲಿಸೋಣ.

ಯಂತ್ರದ ಬಿಡಿಭಾಗ ತಯಾರಿಸುವ ಒಂದು ಘಟಕವಿದೆ ಎಂದು ಭಾವಿಸೋಣ. ಬಿಡಿಭಾಗವೊಂದರ ಮಾರಾಟ ಬೆಲೆ 500 ರೂ. ಕಚ್ಚಾ ಮಾಲು, ವಿದ್ಯುತ್, ತುಂಡುಗೂಲಿ ಸೇರಿ ಚರ ವೆಚ್ಚ 350 ರೂ. ಬಾಡಿಗೆ, ಸಂಬಳ ಮುಂತಾದ ಸ್ಥಿರ ವೆಚ್ಚ ತಿಂಗಳಿಗೆ 1,80,000 ರೂ. ಪ್ರತಿ ಬಿಡಿಭಾಗದಿಂದ 150 ರೂ. ಉಳಿಯುವುದರಿಂದ, 1,200 ಬಿಡಿಭಾಗಗಳು ಮಾರಾಟವಾದಾಗ ಲಾಭವೂ ಇಲ್ಲದ, ನಷ್ಟವೂ ಇಲ್ಲದ ಹಂತ ತಲುಪುತ್ತದೆ. ಘಟಕವು ಈಗ 1,500 ಮಾರುತ್ತಿದ್ದು, ಮಾಸಿಕ ಲಾಭ 45,000 ರೂ.

ಈಗ ಹೊಸ ಗ್ರಾಹಕರೊಬ್ಬರು ತಿಂಗಳಿಗೆ 500 ಬಿಡಿಭಾಗಗಳನ್ನು 420 ರೂ. ದರದಲ್ಲಿ, 90 ದಿನಗಳ ಉದ್ದರಿಯ ಮೇಲೆ ಕೇಳುತ್ತಾರೆ. ಯಂತ್ರಗಳಿಗೆ ಆ ಸಾಮರ್ಥ್ಯವಿದೆ. ಸ್ಥಿರ ವೆಚ್ಚ ಏರುವುದಿಲ್ಲ. ಒಪ್ಪಬಹುದೇ?

ಮೊದಲನೆಯ ಲೆಕ್ಕ: ಬಿಡಿಭಾಗವೊಂದಕ್ಕೆ 70 ರೂ.ನಂತೆ ತಿಂಗಳಿಗೆ 35,000 ರೂ. ಹೆಚ್ಚುವರಿ ಆದಾಯ. ಬಹುಪಾಲು ಉದ್ಯಮಿಗಳು ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ.

ಎರಡನೆಯ ಲೆಕ್ಕ: ಕಚ್ಚಾ ಮಾಲಿನ ಖರೀದಿಯಿಂದ ಬಿಲ್ಲು ಆಗುವವರೆಗೆ 1 ತಿಂಗಳು, ಅನಂತರ ಹಣ ಬರಲು 3 ತಿಂಗಳು. ತಿಂಗಳಿಗೆ 1,75,000 ರೂ. ಚರ ವೆಚ್ಚದಂತೆ 4 ತಿಂಗಳಿಗೆ 7,00,000 ರೂ. ದುಡಿಯುವ ಬಂಡವಾಳ ಸಿಲುಕಿಕೊಳ್ಳುತ್ತದೆ. ಶೇ. 12ರ ಬಡ್ಡಿಯಂತೆ ತಿಂಗಳಿಗೆ 7,000 ರೂ. ಕಳೆದರೆ ಉಳಿಯುವುದು 28,000 ರೂ. ಈ ಗಳಿಕೆಯಿಂದಲೇ ತೊಡಗಿಸಿದ ಹಣ ಮರಳಿ ಕೈಸೇರಲು 25 ತಿಂಗಳು ಬೇಕು. ಜಿ.ಎಸ್.ಟಿ.ಯನ್ನು ಇಲ್ಲಿ ಸೇರಿಸಿಲ್ಲ. ಗ್ರಾಹಕರ ಹಣ ಬರುವ ಮೊದಲೇ ಅದನ್ನು ಕಟ್ಟಬೇಕಾಗುವುದರಿಂದ ವಾಸ್ತವ ಹೊರೆ ಇನ್ನೂ ಹೆಚ್ಚು.

ಮೂರನೆಯ ಲೆಕ್ಕ: ಒಂದೇ ತಿಂಗಳ ಬಿಲ್ಲು, ಅಂದರೆ 2,10,000 ರೂ. ವಸೂಲಾಗದೆ ಹೋದರೆ ಏಳೂವರೆ ತಿಂಗಳ ಗಳಿಕೆ ಕೊಚ್ಚಿಹೋದಂತೆ.

ಆದುದರಿಂದ ಈ ಬೇಡಿಕೆ ಲಾಭದಾಯಕವೇನೋ ಹೌದು. ಆದರೆ 7,00,000 ರೂ. ಹೊಂದಿಸಲಾಗದವರು ಇದನ್ನು ಒಪ್ಪಿದರೆ, ಹಳೆಯ ಗ್ರಾಹಕರಿಗೆ ಮಾಲು ಪೂರೈಸಲು ಬೇಕಾದ ಹಣವೂ ಇದರಲ್ಲಿ ಸಿಲುಕುತ್ತದೆ.

ಇಲ್ಲಿ ಕಾನೂನಿನ ಆಸರೆಯೂ ಉಂಟು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ, ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಂದ ಮಾಲು ಕೊಂಡವರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಪಾವತಿಸಬೇಕು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಬೇಡಿಕೆ ಒಪ್ಪಿಕೊಳ್ಳುವ ಮೊದಲೇ ಉದ್ಯಮ್ ನೋಂದಣಿ ಪಡೆದಿರುವುದು ಕ್ಷೇಮ. ಕೇವಲ ವ್ಯಾಪಾರ ಮಾಡುವವರಿಗೆ 2021ರಿಂದ ಈ ನೋಂದಣಿ ದೊರೆಯುತ್ತಿದ್ದರೂ, ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತವೆಂಬುದನ್ನು ಅವರು ಗಮನಿಸಬೇಕು.

ಅವಧಿಯನ್ನು 45 ದಿನಗಳಿಗೆ ಇಳಿಸಿದರೆ ಸಿಲುಕುವ ಬಂಡವಾಳ 4,37,500 ರೂ.ಗೆ, ಬಡ್ಡಿ 4,375 ರೂ.ಗೆ ಇಳಿಯುತ್ತದೆ, ಉಳಿತಾಯ 30,625 ರೂ.ಗೆ ಏರುತ್ತದೆ. ಬೆಲೆಯ ಬಗ್ಗೆ ಚೌಕಾಸಿ ಮಾಡುವಷ್ಟೇ ಆಸ್ಥೆಯಿಂದ ಪಾವತಿಯ ದಿನಗಳ ಬಗ್ಗೆಯೂ ಚೌಕಾಸಿ ಮಾಡುವುದು ಅಗತ್ಯ.

ಅಭ್ಯಾಸಕ್ಕಾಗಿ: ತಮ್ಮ ಅತಿ ದೊಡ್ಡ ಉದ್ದರಿ ಗ್ರಾಹಕರ ಖಾತೆಯನ್ನು ತೆಗೆದುಕೊಂಡು ಸದಸ್ಯರು ಈ ಮೂರೂ ಲೆಕ್ಕಗಳನ್ನು ಮಾಡಿ ನೋಡಬೇಕಾಗಿ ವಿನಂತಿ.