ಜೋಕೆ, ಜೋಪಾನ, ಜೊಶಿಮ್: ಕೊರಿಯನ್ನಿನ ಎಚ್ಚರಿಕೆ ಪದಗಳನ್ನು ಕಲಿಯುವ ಬಗೆ

ಕೊರಿಯನ್ ಭಾಷೆಯಲ್ಲಿ ‘ಹುಷಾರು’ ಎನ್ನುವುದಕ್ಕೆ ಜನ ದಿನವೂ ಬಳಸುವ ಪದ ‘ಜೊಶಿಮ್’. ಇದರ ಕ್ರಿಯಾಪದ ‘ಜೊಶಿಮ್‌ಹಾದಾ’. ಆರಂಭಿಕ ಹಂತದ ಪದಪಟ್ಟಿಗಳಲ್ಲೇ ಸಿಗುವ ಈ ಪದ ರಸ್ತೆ, ಅಡುಗೆಮನೆ, ರೈಲು ನಿಲ್ದಾಣ, ಧಾರಾವಾಹಿ ಎಲ್ಲ ಕಡೆಯೂ ಕಿವಿಗೆ ಬೀಳುತ್ತದೆ. ಕನ್ನಡಿಗರಿಗೆ ಇದನ್ನು ನೆನಪಿಟ್ಟುಕೊಳ್ಳಲು ಒಂದು ಸುಲಭದ ದಾರಿಯಿದೆ. ಜೋಕೆ, ಜೋಪಾನ ಎಂಬ ನಮ್ಮ ಎರಡು ಪದಗಳೂ ಇದೇ ಅರ್ಥದವು, ಮೊದಲ ಅಕ್ಷರವೂ ಹೆಚ್ಚುಕಡಿಮೆ ಅದೇ. ಭಾಷಾಸಂಬಂಧವೇನೂ ಇಲ್ಲ, ಬರೀ ಕಾಕತಾಳೀಯ. ನೆನಪಿಗೆ ಕೊಕ್ಕೆಯಾದರೆ ಅಷ್ಟೇ ಸಾಕು.

ತೊಡಕು ಹುಟ್ಟುವುದು ಆಮೇಲೆ. ಕನ್ನಡದಲ್ಲಿ ‘ಎಚ್ಚರಿಕೆ’ ಎಂಬ ಒಂದೇ ಪದ ಗೇಟಿನ ಫಲಕದ ಮೇಲೂ ಇರುತ್ತದೆ, ಅಧಿಕಾರಿಯ ನೋಟಿಸಿನಲ್ಲೂ ಇರುತ್ತದೆ, ಮಳೆಯ ಮುನ್ಸೂಚನೆಯಲ್ಲೂ ಇರುತ್ತದೆ. ಕೊರಿಯನ್ನಿನಲ್ಲಿ ಈ ಕೆಲಸ ನಾಲ್ಕಾರು ಪದಗಳಿಗೆ ಹಂಚಿಹೋಗಿದೆ. ಯಾವ ಪದ ಎಂಬುದು ಬಹುಮಟ್ಟಿಗೆ ಹೇಳುತ್ತಿರುವವರು ಯಾರು ಎಂಬುದರ ಮೇಲೆ ನಿಂತಿದೆ. ಹಾಗಾಗಿ ಮೊದಲು ಜೊಶಿಮ್ ಒಂದನ್ನೇ ಗಟ್ಟಿ ಮಾಡಿಕೊಂಡು, ಉಳಿದವನ್ನು ಅದರ ಸುತ್ತ ಜೋಡಿಸಿಕೊಳ್ಳುವುದು ಒಳ್ಳೆಯದು.

ಮೊದಲು ಉಚ್ಚಾರ

ಇಂಗ್ಲಿಷ್ ಲಿಪಿಯಲ್ಲಿ ಈ ಪದವನ್ನು ಜ, ಸ ಅಕ್ಷರಗಳಿಂದ ಬರೆಯುವುದರಿಂದ ಹೊಸಬರು ‘ಜೋಸಿಮ್’ ಎಂದು ಓದಿಬಿಡುತ್ತಾರೆ. ಕೊರಿಯನ್ನರ ಬಾಯಲ್ಲಿ ಅದು ಹಾಗಿರುವುದಿಲ್ಲ. ‘ಸ’ ಧ್ವನಿಯ ಮುಂದೆ ‘ಇ’ ಬಂದರೆ ಅದು ‘ಶಿ’ ಕಡೆಗೆ ವಾಲುತ್ತದೆ. ಆದ್ದರಿಂದ ಎರಡನೆಯ ಭಾಗ ‘ಶಿಮ್’. ಮೊದಲ ಭಾಗದ ‘ಜ’ ಇನ್ನಷ್ಟು ಸೂಕ್ಷ್ಮ. ಪದದ ಆರಂಭದಲ್ಲಿದ್ದಾಗ ಅದು ನಮ್ಮ ಜ ಮತ್ತು ಚ ನಡುವಿನದು, ಕನ್ನಡದ ಕಿವಿಗೆ ‘ಚೊಶಿಮ್’ ಎಂದೇ ಕೇಳಿಸಬಹುದು. ಅದೇ ಅಕ್ಷರ ಎರಡು ಸ್ವರಗಳ ನಡುವೆ ಅಥವಾ ಮ, ನ, ಲ ಧ್ವನಿಗಳ ನಂತರ ಬಂದರೆ ಸ್ಪಷ್ಟವಾದ ‘ಜ’. ಇದನ್ನು ಪರೀಕ್ಷಿಸಲು ಕೊರಿಯನ್ನಿನಲ್ಲೇ ಒಂದು ತಯಾರಾದ ಪದವಿದೆ: ‘ಜೊಶಿಮ್‌ಜೊಶಿಮ್’, ಅಂದರೆ ಮೆಲ್ಲಮೆಲ್ಲಗೆ, ಬಲು ನಾಜೂಕಾಗಿ. ಬರಹದಲ್ಲಿ ಎರಡೂ ಭಾಗ ಒಂದೇ. ಕೇಳುವಾಗ ಮೊದಲನೆಯದು ಚೊ, ಎರಡನೆಯದು ಜೊ. ಈ ಒಂದು ಪದವನ್ನು ಧ್ವನಿಮುದ್ರಿಕೆಯಲ್ಲಿ ಕೇಳಿ ಅನುಕರಿಸಿದರೆ ನಿಯಮ ಬಾಯಿಪಾಠ ಮಾಡಬೇಕಿಲ್ಲ. ಕೊನೆಯ ‘ಮ್’ ಉಚ್ಚರಿಸುವಾಗ ತುಟಿ ಮುಚ್ಚಿಯೇ ಇರಬೇಕು. ‘ಜೊಶಿಮು’ ಎಂದು ಉಕಾರ ಸೇರಿಸುವುದು ನಮ್ಮವರ ಅಭ್ಯಾಸ, ಅದನ್ನು ಬಿಡಬೇಕು.

ಬರಹದ ಗುರುತು

ಹಂಗುಲ್ ಲಿಪಿಯಲ್ಲಿ ಈ ಪದಕ್ಕೆ ಎರಡು ಅಕ್ಷರಗುಚ್ಛ. ‘ಜೊ’ ಗುಚ್ಛದಲ್ಲಿ ಮೇಲೆ ವ್ಯಂಜನ, ಅದರ ಕೆಳಗೆ ಒಂದು ಅಡ್ಡಗೆರೆ. ಆ ಗೆರೆಯ ನಡುವಿನಿಂದ ಮೇಲಕ್ಕೆ ಒಂದು ಚಿಕ್ಕ ಗೀಟು ಎದ್ದಿರುತ್ತದೆ, ಅದು ‘ಒ’ ಸ್ವರ. ಗೀಟು ಕೆಳಕ್ಕೆ ಇಳಿದಿದ್ದರೆ ಅದೇ ಗುಚ್ಛ ‘ಜು’ ಆಗುತ್ತದೆ. ಮುಂದೆ ಬರುವ ‘ಜುಇ’ ಎಂಬ ಇನ್ನೊಂದು ಎಚ್ಚರಿಕೆ ಪದ ಶುರುವಾಗುವುದು ಈ ‘ಜು’ವಿನಿಂದಲೇ. ಓಡುವ ಬಸ್ಸಿನಿಂದ ಫಲಕ ಓದುವವರಿಗೆ ಎರಡರ ನಡುವೆ ಉಳಿಯುವ ಮೊದಲ ವ್ಯತ್ಯಾಸ ಆ ಗೀಟಿನ ದಿಕ್ಕು ಮಾತ್ರ. ‘ಶಿಮ್’ ಗುಚ್ಛವನ್ನು ಗುರುತಿಸುವುದು ಸಲೀಸು: ಕೆಳಗೆ ಒಂದು ಪುಟ್ಟ ಚೌಕ ಕೂತಿರುತ್ತದೆ, ಅದೇ ‘ಮ್’. ವ್ಯಂಜನ ಕೆಳಗೆ ಕೂರುವುದು ಒತ್ತಕ್ಷರ ಬರೆದು ಬೆಳೆದವರಿಗೆ ಹೊಸದೇನಲ್ಲ.

ಈ ಪದ ಚೀನೀ ಮೂಲದ್ದು. ‘ಜೊ’ ಎಂದರೆ ಹಿಡಿ, ‘ಶಿಮ್’ ಎಂದರೆ ಮನಸ್ಸು. ಮನಸ್ಸನ್ನು ಬಿಗಿಹಿಡಿಯುವುದೇ ಎಚ್ಚರ. ಇದನ್ನು ತಿಳಿದರೆ ಲಾಭ ಬೇರೆ ಕಡೆ ಸಿಗುತ್ತದೆ. ಆನ್‌ಶಿಮ್ (ನೆಮ್ಮದಿ), ಗ್ವಾನ್‌ಶಿಮ್ (ಆಸಕ್ತಿ), ಜಿನ್‌ಶಿಮ್ (ಪ್ರಾಮಾಣಿಕ ಮನಸ್ಸು), ಯೊಕ್‌ಶಿಮ್ (ದುರಾಸೆ) ಎಲ್ಲದರ ಕೊನೆಗೂ ಅದೇ ಶಿಮ್. ಮಧ್ಯಾಹ್ನದ ಊಟಕ್ಕೆ ಹೇಳುವ ‘ಜೊಮ್‌ಶಿಮ್’ ಕೂಡ ಇದೇ ಬಳಗದ್ದು. ಹೊಸಬರು ಜೊಶಿಮ್ ಮತ್ತು ಜೊಮ್‌ಶಿಮ್ ಅದಲುಬದಲು ಮಾಡುವುದುಂಟು.

ಯಾರಿಗೆ ಯಾವ ರೂಪ

ಕೊರಿಯನ್ನಿನಲ್ಲಿ ನಾಮಪದಕ್ಕೆ ‘ಹಾದಾ’ ಸೇರಿಸಿ ಕ್ರಿಯಾಪದ ಮಾಡುವುದು ಕನ್ನಡದಲ್ಲಿ ‘ಮಾಡು’ ಸೇರಿಸಿದಂತೆಯೇ. ಗೆಳೆಯರಿಗೆ, ಕಿರಿಯರಿಗೆ ‘ಜೊಶಿಮ್‌ಹೆ’, ಅಂದರೆ ‘ಹುಷಾರು ಕಣೋ’. ವೇಗದ ಮಾತಿನಲ್ಲಿ ಹಕಾರ ಸವೆದು ‘ಜೊಶಿಮೆ’ ಎಂದು ಕೇಳಿಸುತ್ತದೆ. ಅಪರಿಚಿತರಿಗೆ, ಹಿರಿಯರಿಗೆ ‘ಜೊಶಿಮ್‌ಹಾಸೆಯೊ’. ಹುಷಾರಾಗಿರಿ ಎನ್ನುವಾಗ ನಾವು ‘ಇರಿ’ ಸೇರಿಸುವಂತೆ ಇಲ್ಲಿ ಗೌರವ ಕ್ರಿಯಾಪದದ ಬಾಲಕ್ಕೆ ಅಂಟುತ್ತದೆ. ಇನ್ನೂ ಬಿಗುವಾದ ‘ಜೊಶಿಮ್‌ಹಾಶಿಪ್‌ಶಿಯೊ’ ಸೂಚನಾಪತ್ರ, ಘೋಷಣೆಗಳಿಗೆ ಸಲ್ಲುತ್ತದೆ. ಮನೆಯಲ್ಲಿ ಹಾಗೆ ಮಾತಾಡಿದರೆ ನಾಟಕೀಯ ಎನಿಸುತ್ತದೆ. ಆರಂಭಿಕರು ಯಾವಾಗಲೂ ‘ಹಾಸೆಯೊ’ ರೂಪಕ್ಕೆ ಕೈಹಾಕುವುದು ಕ್ಷೇಮ. ಗೆಳೆಯನಿಗೆ ಹೆಚ್ಚಿನ ಮರ್ಯಾದೆ ಕೊಟ್ಟರೆ ನಗು ಬರಬಹುದು, ಅತ್ತೆ-ಮಾವನ ವಯಸ್ಸಿನವರಿಗೆ ‘ಜೊಶಿಮ್‌ಹೆ’ ಎಂದರೆ ನಗುವಿಗೆ ಜಾಗವಿಲ್ಲ.

ದನಿ ಬದಲಾದರೆ ಇದೇ ಪದ ಬೆದರಿಕೆಯೂ ಆಗುತ್ತದೆ. ಧಾರಾವಾಹಿಯ ಖಳ ‘ಆಫುರೊ ಜೊಶಿಮ್‌ಹೆ’ ಎಂದರೆ ಅದು ಕಾಳಜಿಯಲ್ಲ, ‘ಇನ್ಮುಂದೆ ಹುಷಾರ್!’

ಬೀಳ್ಕೊಡುವಾಗ ಹೇಳುವ ‘ಜೊಶಿಮ್‌ಹಿ ಗಾಸೆಯೊ’ ಕನ್ನಡದ ‘ಹುಷಾರಾಗಿ ಹೋಗಿ ಬನ್ನಿ’ಗೆ ತೀರಾ ಹತ್ತಿರ. ಒಂದೇ ವ್ಯತ್ಯಾಸವೆಂದರೆ ಕೊರಿಯನ್ನರು ‘ಬನ್ನಿ’ ಸೇರಿಸುವುದಿಲ್ಲ, ‘ಹೋಗಿ’ ಎಂದಷ್ಟೇ ಹೇಳುತ್ತಾರೆ. ಹೊರಡುವವರಿಗೆ ‘ಹೋಗಿ’ ಎನ್ನಬಾರದು ಎಂದು ಕಲಿತು ಬೆಳೆದವರಿಗೆ ಇದು ಮೊದಮೊದಲು ಒರಟಾಗಿ ಕೇಳಿಸಬಹುದು. ಅಲ್ಲಿ ಹಾಗೇನೂ ಇಲ್ಲ.

ಯಾವುದರ ಬಗ್ಗೆ ಹುಷಾರು

ಮುಂದಿನ ಹೆಜ್ಜೆ, ಜೊಶಿಮ್ ಹಿಂದೆ ನಾಮಪದ ಇಡುವುದು. ವ್ಯಾಕರಣದ ಪ್ರಕಾರ ನಾಮಪದಕ್ಕೆ ‘ಉಲ್’ ಅಥವಾ ‘ರುಲ್’ ಎಂಬ ದ್ವಿತೀಯಾ ಪ್ರತ್ಯಯ ಬೇಕು. ನಾಯಿ ಎಂಬುದಕ್ಕೆ ‘ಗೆ’. ‘ಗೆರುಲ್ ಜೊಶಿಮ್‌ಹಾಸೆಯೊ’ ಎಂದರೆ ನಾಯಿಯ ಬಗ್ಗೆ ಹುಷಾರು. ಕನ್ನಡದ ‘ಬಗ್ಗೆ’ಗೆ ಸಮನಾದ ಪದ ಹುಡುಕುತ್ತಾ ಹೋದರೆ ವಾಕ್ಯ ಕೆಡುತ್ತದೆ, ‘ನಾಯಿಯನ್ನು’ ಎಂದೇ ಯೋಚಿಸಬೇಕು. ಆಡುಮಾತಿನಲ್ಲಂತೂ ಪ್ರತ್ಯಯ ಬಿದ್ದೇ ಹೋಗುತ್ತದೆ. ‘ಛಾ ಜೊಶಿಮ್‌ಹೆ’ ಎಂದು ತಾಯಿ ಮಗುವಿಗೆ ಹೇಳುವುದು ‘ಗಾಡಿ ಬರುತ್ತೆ, ಹುಷಾರು’ ಎಂಬ ಅರ್ಥದಲ್ಲಿ. ಚಳಿಗಾಲದಲ್ಲಿ ಮಾತು ಮುಗಿಸುವಾಗ ‘ಗಾಮ್‌ಗಿ ಜೊಶಿಮ್‌ಹಾಸೆಯೊ’, ನೆಗಡಿ ಆದೀತು ಜೋಪಾನ, ಎನ್ನುವುದು ವಾಡಿಕೆ.

ಕೆಲವು ಜೋಡಿಗಳು ಒಂದೇ ಪದವಾಗಿ ಬೆಸೆದುಕೊಂಡಿವೆ. ಹಳ್ಳಿಮನೆಗಳ ಗೇಟಿನ ಮೇಲೆ ‘ಗೆಜೊಶಿಮ್’ ಎಂದು ಬರೆದಿದ್ದರೆ ನಮ್ಮಲ್ಲಿ ‘ನಾಯಿ ಇದೆ, ಎಚ್ಚರಿಕೆ’ ಎಂದು ಬರೆದಂತೆ. ಮಾಲ್‌ಜೊಶಿಮ್ ಎಂದರೆ ನಾಲಿಗೆ ಮೇಲೆ ಹಿಡಿತ. ಮೊಮ್‌ಜೊಶಿಮ್ ಎಂದರೆ ಮೈ ಜೋಪಾನ. ಬಸುರಿಗೆ, ಕಾಯಿಲೆಯಿಂದ ಎದ್ದವರಿಗೆ ಹೇಳುವ ಮಾತು. ಬುಲ್‌ಜೊಶಿಮ್ ಎಂದರೆ ಬೆಂಕಿಯ ಎಚ್ಚರ. ಇದು ಶಾಲಾಮಕ್ಕಳ ಭಿತ್ತಿಚಿತ್ರಗಳ ಹಳೆಯ ವಿಷಯ. ನವೆಂಬರ್ ಇಡೀ ತಿಂಗಳು ಕೊರಿಯಾದಲ್ಲಿ ಬೆಂಕಿ ಜಾಗೃತಿಗೆ ಮೀಸಲು, ಅಲ್ಲಿನ ಅಗ್ನಿಶಾಮಕ ದಿನ ನವೆಂಬರ್ 9. ತುರ್ತು ಕರೆಯ ಸಂಖ್ಯೆ 119 ಮತ್ತು 11ನೇ ತಿಂಗಳ 9ನೇ ದಿನ ಒಂದಕ್ಕೊಂದು ಹೊಂದುತ್ತವೆ. ಕೊರಿಯಾಗೆ ಹೋಗುವವರಿಗೆ ಬೆಂಕಿ ಮತ್ತು ಆಂಬುಲೆನ್ಸ್ ಎರಡಕ್ಕೂ 119, ಪೊಲೀಸರಿಗೆ 112 ಎಂಬುದು ಈ ನೆಪದಲ್ಲಿ ನೆನಪಿನಲ್ಲಿ ಉಳಿಯುತ್ತದೆ.

ಪೂರ್ಣ ವಾಕ್ಯ ಕಟ್ಟುವಾಗ ಕನ್ನಡಿಗರ ಕೈ ಮೇಲು. ಎರಡೂ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಪದಗಳ ಸಾಲು ಬದಲಿಸುವ ತಾಪತ್ರಯವಿಲ್ಲ. ‘ನೊಮೊಜಿಜಿ ಆಂಖೆ ಜೊಶಿಮ್‌ಹಾಸೆಯೊ’ ಎಂದರೆ ‘ಬೀಳದ ಹಾಗೆ ಹುಷಾರಾಗಿರಿ’. ‘ಆಂಖೆ’ ಇರುವ ಜಾಗದಲ್ಲೇ ನಮ್ಮ ‘ದ ಹಾಗೆ’ ಇದೆ. ಕಾರಣ ಹೇಳಬೇಕಾದರೆ ‘ನಿಕ್ಕಾ’ ಸೇರಿಸಬೇಕು. ಹೋಟೆಲಿನಲ್ಲಿ ಕುದಿಯುತ್ತಿರುವ ಸಾರನ್ನು ಮಣ್ಣಿನ ಮಡಕೆಯಲ್ಲೇ ತಂದು ಮೇಜಿನ ಮೇಲಿಡುವವರು ‘ತ್ತುಗೊಉನಿಕ್ಕಾ ಜೊಶಿಮ್‌ಹಾಸೆಯೊ’ ಎನ್ನುತ್ತಾರೆ: ಬಿಸಿ ಇರುವುದರಿಂದ ಹುಷಾರು. ಈ ಎರಡು ಅಚ್ಚುಗಳಲ್ಲಿ ಕ್ರಿಯಾಪದ ಬದಲಿಸುತ್ತಾ ಹೋದರೆ ಹತ್ತಾರು ವಾಕ್ಯ ತಾನಾಗಿ ಬರುತ್ತವೆ.

ಫಲಕ ಮಾತಾಡುವಾಗ

ಮನುಷ್ಯರ ಬಾಯಲ್ಲಿ ಜೊಶಿಮ್ ಹೆಚ್ಚು, ಫಲಕಗಳ ಮೇಲೆ ‘ಜುಇ’ ಹೆಚ್ಚು. ಇದರ ಎರಡನೆಯ ಗುಚ್ಛದಲ್ಲಿ ಬರೆದಿರುವುದು ‘ಉಇ’ ಎಂಬ ಜೋಡಿಸ್ವರ, ಆದರೆ ಪದದ ನಡುವೆ ಅಥವಾ ಕೊನೆಯಲ್ಲಿ ಅದನ್ನು ಬರೀ ‘ಇ’ ಎಂದು ಉಚ್ಚರಿಸಲು ಪ್ರಮಾಣ ಉಚ್ಚಾರದ ನಿಯಮವೇ ಒಪ್ಪುತ್ತದೆ. ಗಮನ ಎಂಬುದು ಇದರ ಮೂಲ ಅರ್ಥ. ಒರೆಸಿದ ನೆಲದ ಮೇಲೆ ‘ಮಿಕ್ಕುರೊಮ್ ಜುಇ’ (ಜಾರುತ್ತದೆ), ಬೆಟ್ಟದ ರಸ್ತೆಯಲ್ಲಿ ‘ನಾಕ್‌ಸೊಕ್ ಜುಇ’ (ಬಂಡೆ ಉರುಳುತ್ತದೆ), ವಿದ್ಯುತ್ ಪೆಟ್ಟಿಗೆಯ ಮೇಲೆ ‘ಗಾಮ್‌ಜೊನ್ ಜುಇ’ (ಶಾಕ್ ಹೊಡೆಯುತ್ತದೆ), ಪಾರ್ಸೆಲ್ ಮೇಲೆ ‘ಛ್ವಿಗುಪ್ ಜುಇ’ (ಮೆಲ್ಲಗೆ ಎತ್ತಿಡಿ). ಮೆಟ್ರೋ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂ ಅಂಚಿನ ನೆಲದ ಮೇಲೆ ‘ಬಾಲ್‌ಪ್ಪಾಜಿಮ್ ಜುಇ’ ಎಂದು ಬರೆದಿರುತ್ತಾರೆ, ಸಂದಿಯಲ್ಲಿ ಕಾಲು ಸಿಕ್ಕೀತು ಎಂದು. ಅದೇ ಸಂದಿಯ ಬಗ್ಗೆ ರೈಲಿನ ಒಳಗಿನ ಧ್ವನಿ ಘೋಷಣೆ ಬಳಸುವುದು ಜೊಶಿಮ್ ಪದವನ್ನು. ಎರಡು ಪದಗಳ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ. ಹಾಗೆಂದು ಗೆರೆ ಕಲ್ಲಿನ ಮೇಲೆ ಕೊರೆದದ್ದಲ್ಲ: ತಗ್ಗು ಬಾಗಿಲಿನ ಮೇಲೆ ‘ಮೊರಿ ಜೊಶಿಮ್’, ತಲೆ ಜೋಕೆ, ಎಂಬ ಬರಹವೂ ಸಾಮಾನ್ಯ.

ಔಷಧದ ಚೀಟಿ, ಯಂತ್ರದ ಕೈಪಿಡಿಯಲ್ಲಿ ‘ಜುಇ ಸಾಹಾಂಗ್’ ಎಂಬ ತಲೆಬರಹದಡಿ ಗಮನಿಸಬೇಕಾದ ಅಂಶಗಳು ಇರುತ್ತವೆ. ಟೋಪಿಕ್ ಎಂಬ ಕೊರಿಯನ್ ಭಾಷಾ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಮೇಲೆ ಕಾಣುವ ‘ಯುಇ ಸಾಹಾಂಗ್’ ಇದರ ಸೋದರ. ಫಲಕದ ಕೊನೆಯಲ್ಲಿ ‘ಗುಮ್‌ಜಿ’ ಎಂದಿದ್ದರೆ ಅದು ಎಚ್ಚರಿಕೆಯಲ್ಲ, ನಿಷೇಧ. ‘ಛುರಿಪ್ ಗುಮ್‌ಜಿ’ ಎಂದರೆ ಪ್ರವೇಶವಿಲ್ಲ. ‘ವಿಹೊಮ್’ ಎಂದರೆ ಅಪಾಯ, ಆ ಪದ ಕಂಡಲ್ಲಿ ಉಳಿದದ್ದನ್ನು ಓದುವ ಮೊದಲೇ ನಿಲ್ಲಬೇಕು.

ಅಧಿಕಾರ ಮಾತಾಡುವಾಗ

‘ಗ್ಯೊಂಗ್‌ಗೊ’ ಎಂಬುದು ತಪ್ಪು ಮಾಡಿದವರಿಗೆ ಅಥವಾ ಮಾಡಲಿರುವವರಿಗೆ ಅಧಿಕಾರ ಇರುವವರು ಕೊಡುವ ಎಚ್ಚರಿಕೆ. ಫುಟ್‌ಬಾಲಿನಲ್ಲಿ ಹಳದಿ ಕಾರ್ಡ್ ತೋರಿಸುವುದಕ್ಕೆ ಕೊರಿಯನ್ನಿನಲ್ಲಿ ಇದೇ ಹೆಸರು. ಟೇಕ್ವಾಂಡೊ ಕಲಿತ ಕರ್ನಾಟಕದ ಮಕ್ಕಳಿಗೂ ಇದು ಪೂರ್ತಿ ಅಪರಿಚಿತವಲ್ಲ: ಆ ಕ್ರೀಡೆಯಲ್ಲಿ ತೀರ್ಪುಗಾರರ ಆಜ್ಞೆಗಳು ಎಲ್ಲ ದೇಶಗಳಲ್ಲೂ ಕೊರಿಯನ್ನಿನಲ್ಲೇ ಇರುತ್ತವೆ. ಹಿಂದೆ ಎರಡು ಗ್ಯೊಂಗ್‌ಗೊ ಆದರೆ ಒಂದು ಅಂಕ ಹೋಗುತ್ತಿತ್ತು. 2017ರ ನಿಯಮಗಳಲ್ಲಿ ಅದನ್ನು ಕೈಬಿಟ್ಟು ‘ಗಾಮ್‌ಜೊಮ್’ (ಅಂಕ ಕಡಿತ) ಒಂದನ್ನೇ ಉಳಿಸಿಕೊಂಡರು. ಕನ್ನಡಿಗರು ಎಡವುವುದು ಇಲ್ಲೇ. ಜಾರುವ ಮೆಟ್ಟಿಲ ಬಗ್ಗೆ ಕಾಳಜಿಯಿಂದ ಎಚ್ಚರಿಸಲು ಹೋಗಿ ನಿಘಂಟಿನಲ್ಲಿ ಕಂಡ ಗ್ಯೊಂಗ್‌ಗೊ ಬಳಸಿದರೆ, ಎದುರಿಗಿರುವವರಿಗೆ ಗದರಿದಂತಾಗುತ್ತದೆ.

ಕೊನೆಯಕ್ಷರ ‘ಗೊ’ ಬದಲು ‘ಬೊ’ ಆದರೆ ‘ಗ್ಯೊಂಗ್‌ಬೊ’, ಎಲ್ಲರಿಗೂ ಒಟ್ಟಿಗೆ ಸಾರುವ ಎಚ್ಚರಿಕೆ. ಕೊರಿಯಾದ ಹವಾಮಾನ ಇಲಾಖೆ ಮಳೆಗೆ ಎರಡು ಮಟ್ಟ ಇಟ್ಟಿದೆ. ಮೂರು ಗಂಟೆಯಲ್ಲಿ 60 ಮಿಲಿಮೀಟರ್ ಅಥವಾ 12 ಗಂಟೆಯಲ್ಲಿ 110 ಮಿಲಿಮೀಟರ್ ಮಳೆಯ ನಿರೀಕ್ಷೆ ಇದ್ದರೆ ‘ಹೊಉ ಜುಇಬೊ’. ಅದೇ 90 ಅಥವಾ 180 ಮುಟ್ಟುವಂತಿದ್ದರೆ ‘ಹೊಉ ಗ್ಯೊಂಗ್‌ಬೊ’. ನಮ್ಮ ಕರಾವಳಿಯವರು ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣದಲ್ಲಿ ಓದುವುದನ್ನು ಅಲ್ಲಿನವರು ಪದದ ಬಾಲದಲ್ಲಿ ಓದುತ್ತಾರೆ. ಹೊಗೆ-ದೂಳಿನ ದಿನಗಳಿಗೂ ಜುಇಬೊ, ಗ್ಯೊಂಗ್‌ಬೊ ಎಂಬ ಇದೇ ಎರಡು ಮೆಟ್ಟಿಲು.

ಇವು ಬಂದು ತಲುಪುವುದು ಮೊಬೈಲಿಗೆ, ‘ಜೆನಾನ್ ಮುಂಜ್ಜಾ’ ಎಂಬ ವಿಪತ್ತು ಸಂದೇಶವಾಗಿ. ಅತಿ ತುರ್ತಿನವು ಕರ್ಕಶ ಸದ್ದಿನೊಂದಿಗೆ ಬರುತ್ತವೆ. 2023ರ ಮೇ 31ರ ಬೆಳಗ್ಗೆ 6:41ಕ್ಕೆ, ಉತ್ತರ ಕೊರಿಯಾ ರಾಕೆಟ್ ಹಾರಿಸಿದ ಬೆನ್ನಲ್ಲೇ, ಸೋಲ್ ನಗರದವರ ಫೋನುಗಳಿಗೆ ಗ್ಯೊಂಗ್‌ಬೊ ಬಂತು: ಸ್ಥಳಾಂತರಕ್ಕೆ ಸಿದ್ಧರಾಗಿ. ಏಕೆ, ಎಲ್ಲಿಗೆ ಎಂಬುದು ಅದರಲ್ಲಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅದು ತಪ್ಪಾಗಿ ಹೊರಟದ್ದೆಂದು ಗೃಹ ಸಚಿವಾಲಯ ತಿಳಿಸಿತು. ಭಾಷೆ ಬಾರದವರು ಇಂಥ ಸಂದೇಶದಲ್ಲಿ ಮೊದಲು ಹುಡುಕಬೇಕಾದ ಪದ ‘ದೆಫಿ’, ಅಂದರೆ ಸುರಕ್ಷಿತ ಜಾಗಕ್ಕೆ ತೆರಳುವುದು. ಅದು ಇಲ್ಲದೆ ಬರೀ ‘ಜುಇ’ ಅಥವಾ ‘ಯುಇ’ ಇದ್ದರೆ ಸಾಮಾನ್ಯವಾಗಿ ಇದ್ದಲ್ಲೇ ಜಾಗ್ರತೆ ವಹಿಸಿದರೆ ಸಾಕು.

ಅಭ್ಯಾಸ

ದಿನಕ್ಕೊಂದು ಪದ ಎಂದು ಪಟ್ಟಿ ಉರು ಹೊಡೆಯುವುದರಿಂದ ಈ ಗುಂಪು ಕೈಗೆ ಹತ್ತುವುದಿಲ್ಲ. ಅರ್ಥಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಧಾರಾವಾಹಿಯ ಒಂದು ಕಂತು ನೋಡುವಾಗ ಜೊಶಿಮ್ ಕೇಳಿಸಿದ ಕಡೆಯೆಲ್ಲ ನಿಲ್ಲಿಸಿ, ಯಾರು ಯಾರಿಗೆ ಹೇಳಿದರು, ಕೊನೆಗೆ ‘ಹೆ’ ಇತ್ತೋ ‘ಹಾಸೆಯೊ’ ಇತ್ತೋ ಬರೆದುಕೊಳ್ಳುವುದು ಫಲಕಾರಿ. ಹಿನ್ನೆಲೆಯ ಗೋಡೆ, ಲಿಫ್ಟ್, ಆಸ್ಪತ್ರೆಯ ಕಾರಿಡಾರಿನ ಫಲಕಗಳಲ್ಲಿ ಜುಇ ಹುಡುಕುವುದು ಇನ್ನೊಂದು ಕೆಲಸ. ಉಚ್ಚಾರದ ಅನುಮಾನಕ್ಕೆ ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆಯ ಆರಂಭಿಕರ ನಿಘಂಟು ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಪದಗಳ ಧ್ವನಿಯೂ ಅದರಲ್ಲಿದೆ. ಹುಡುಕುವಾಗ ‘ಜುಇ’ಗೆ ಇನ್ನೊಂದು ನಮೂದು ಎದುರಾಗುತ್ತದೆ, ಪ್ರಜಾಪ್ರಭುತ್ವ ಎಂಬ ಅರ್ಥದ ‘ಮಿಂಜುಜುಇ’ಯಲ್ಲಿರುವ ಆ ಜುಇ ‘ವಾದ’, ‘ತತ್ತ್ವ’ ಎಂಬರ್ಥದ್ದು. ಬರಹ ಒಂದೇ ಆದರೂ ಎಚ್ಚರಿಕೆಗೂ ಅದಕ್ಕೂ ನಂಟಿಲ್ಲ.