ಕಣ್ಣು ಕೊಯ್ಯದೆ ಒಳಗೆ ಲೇಸರ್ ಹೇಗೆ?

ಪ್ರಶ್ನೆ: ನಮ್ಮ ತಾಯಿಗೆ ಸಕ್ಕರೆ ಕಾಯಿಲೆ. ಕಣ್ಣಿನ ಹಿಂಭಾಗಕ್ಕೆ ಲೇಸರ್ ಮಾಡಿಸಬೇಕು ಎಂದಿದ್ದಾರೆ ಡಾಕ್ಟರು. ಒಳಗೆ ಸುಡುವ ಬೆಳಕು ಮುಂದಿನ ಕರಿಗುಡ್ಡೆಯನ್ನು ಯಾಕೆ ಸುಡುವುದಿಲ್ಲ? ಮಾಡಿಸಿದರೆ ಹೋದ ದೃಷ್ಟಿ ಮರಳುತ್ತದೆಯೇ?
– ಓದುಗರು, ಹಾಸನ

ಉತ್ತರ: ಬೆಳಕನ್ನು ಹೀರಿಕೊಳ್ಳುವ ವಸ್ತು ಮಾತ್ರ ಅದರಿಂದ ಬಿಸಿಯಾಗುತ್ತದೆ. ಕಿಟಕಿಯಿಂದ ಬಂದ ಬಿಸಿಲು ಗಾಜನ್ನು ಅಷ್ಟಾಗಿ ಕಾಯಿಸದೆ ಒಳಗಿನ ಕಡಪ ಕಲ್ಲನ್ನು ಕಾಯಿಸುವುದನ್ನು ನೋಡಿರುತ್ತೀರಿ. ಕಣ್ಣಿನ ಮುಂದಿನ ಕಾರ್ನಿಯಾ, ಮಸೂರ, ಒಳಗೆ ತುಂಬಿರುವ ಲೋಳೆ ಮೂರೂ ಪಾರದರ್ಶಕ. 532 ನ್ಯಾನೊಮೀಟರಿನ ಹಸಿರು ಲೇಸರ್ ಅಗಲಿಸಿದ ಪಾಪೆಯೊಳಗಿಂದ ಅವನ್ನು ದಾಟಿ, ಕಣ್ಣಿನ ಹಿಂಭಾಗದ ಅಕ್ಷಿಪಟಲದ ತಳದಲ್ಲಿ ಮೆಲನಿನ್ ತುಂಬಿದ ಕಪ್ಪು ಪದರವನ್ನು ತಲುಪುತ್ತದೆ. ಬಿಸಿ ಹುಟ್ಟುವುದು ಅಲ್ಲಿ.

ಈ ಚಿಕಿತ್ಸೆಯ ಮೂಲದಲ್ಲಿ ಸೂರ್ಯಗ್ರಹಣವಿದೆ! ಬರಿಗಣ್ಣಿನಿಂದ ಗ್ರಹಣ ನೋಡಿದವರ ಅಕ್ಷಿಪಟಲದ ಸುಟ್ಟಗಾಯ ಕಂಡ ಜರ್ಮನಿಯ ವೈದ್ಯ ಮೇಯರ್-ಶ್ವಿಕೆರಾತ್, ಅದೇ ಸುಡುವಿಕೆಯಿಂದ ರೋಗ ವಾಸಿಮಾಡಬಹುದೆಂದು ಯೋಚಿಸಿದರು. 1940ರ ದಶಕದ ಕೊನೆಗೆ ಕನ್ನಡಿಗಳಿಂದ ಬಿಸಿಲನ್ನೇ ರೋಗಿಯ ಕಣ್ಣಿಗೆ ಹಾಯಿಸಿದರು. ಲೇಸರ್ ಹುಟ್ಟಿದ್ದು ಆಮೇಲೆ, 1960ರಲ್ಲಿ.

ಸಕ್ಕರೆ ಕಾಯಿಲೆಯಲ್ಲಿ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಆಮ್ಲಜನಕ ಸಿಗದ ಭಾಗ ಹೊಸ ನಾಳ ಬೇಕೆಂದು ರಾಸಾಯನಿಕ ಸಂದೇಶ ಕಳಿಸುತ್ತದೆ. ಹಾಗೆ ಹುಟ್ಟಿದ ನಾಳಗಳು ಬಲವಿಲ್ಲದವು, ಒಡೆದು ಕಣ್ಣೊಳಗೆ ರಕ್ತ ತುಂಬುತ್ತದೆ. ಅದಕ್ಕೇ ನಡುವಿನ ಮ್ಯಾಕ್ಯುಲಾವನ್ನು ಬಿಟ್ಟು, ಸುತ್ತಲಿನ ಭಾಗಕ್ಕೆ ಲೇಸರಿನಿಂದ ಅರ್ಧ ಮಿಲಿಮೀಟರಿನ ಸುಟ್ಟ ಚುಕ್ಕೆಗಳನ್ನು ಹಾಕುತ್ತಾರೆ. ಹಳೆಯ ಕ್ರಮದಲ್ಲಿ ಒಂದು ಕಣ್ಣಿಗೆ 1,200ರಿಂದ 1,600 ಚುಕ್ಕೆ. ಸುಟ್ಟ ಭಾಗದ ಆಮ್ಲಜನಕದ ಬೇಡಿಕೆ ತಗ್ಗಿ, ಹೊಸ ನಾಳಗಳು ಮುದುಡುತ್ತವೆ.

ಮರಗಟ್ಟಿಸುವ ಹನಿ ಹಾಕಿ, ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ಕಣ್ಣಿಗೆ ಒಂದು ಮಸೂರ ಒತ್ತಿ ಹಿಡಿಯುತ್ತಾರೆ. ಹಸಿರು ಮಿಂಚು ಒಂದರ ಹಿಂದೊಂದು ಬರುತ್ತದೆ. ಕೆಲವು ಚುಕ್ಕೆಗಳು ಚುಚ್ಚಿದಂತೆ ನೋಯುತ್ತವೆ, ತಾಯಿಗೆ ಮೊದಲೇ ಹೇಳಿಡಿ. ಬದಿಯ ನೋಟ, ಇರುಳಿನ ನೋಟ ಸ್ವಲ್ಪ ಕುಗ್ಗಬಹುದು.

ಹೋದ ದೃಷ್ಟಿಯನ್ನು ಈ ಲೇಸರ್ ತರುವುದಿಲ್ಲ, ಉಳಿದದ್ದನ್ನು ಕಾಯುತ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ಇದರಿಂದ ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಕಡಿಮೆಯಾಯಿತು. ಈಗ ಕೆಲವರಿಗೆ ಕಣ್ಣಿನೊಳಗೆ ಇಂಜೆಕ್ಷನ್ ಕೂಡ ಕೊಡುತ್ತಾರೆ. ಯಾವುದು ಸೂಕ್ತವೆಂದು ನಿಮ್ಮ ಡಾಕ್ಟರನ್ನೇ ಕೇಳಿ. ಚೆನ್ನಾಗಿ ಕಾಣುತ್ತಿದೆಯಲ್ಲ ಎಂದು ದಿನ ಮುಂದೂಡಬೇಡಿ. ನಿಮಗೂ ಸಕ್ಕರೆ ಕಾಯಿಲೆ ಇದ್ದರೆ, ತಾಯಿಯ ಜೊತೆ ಹೋದಾಗ ನಿಮ್ಮ ಕಣ್ಣನ್ನೂ ತೋರಿಸಿ.